ಎತ್ತರಿಸಿದ ಗಾಡಿಗೆ ಯಾವ ಕಂಟ್ರೋಲ್ ಆರ್ಮ್?

ಪಿಕಪ್ಪಿಗೋ ಥಾರ್‌ಗೋ ಎರಡಿಂಚು ಲಿಫ್ಟ್ ಹಾಕಿಸಿಕೊಂಡವರು ಗ್ಯಾರೇಜಿನಿಂದ ಹೊರಬರುವಾಗ ಬೀಗುತ್ತಿರುತ್ತಾರೆ. ಗಾಡಿಯ ನಿಲುವೇ ಬೇರೆಯಾಗಿರುತ್ತದಲ್ಲ! ನಾಲ್ಕು ದಿನ ಹೆದ್ದಾರಿಯಲ್ಲಿ ಓಡಿಸಿದ ಮೇಲೆ ದೂರು ಶುರು: ಸ್ಟೇರಿಂಗ್ ಕೈಗೆ ನಿಲ್ಲುತ್ತಿಲ್ಲ, ಹಂಪ್ ಇಳಿದಾಗ ಮುಂದುಗಡೆ ‘ಠಣ್’ ಅನ್ನುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದೆ. ಆಗ ಗೊತ್ತಿರುವವರೊಬ್ಬರು ಹೇಳುತ್ತಾರೆ: ‘ಅಪ್ಪರ್ ಆರ್ಮ್ ಚೇಂಜ್ ಮಾಡ್ಸಿ, ಎಲ್ಲ ಸರಿಹೋಗುತ್ತೆ.’

ಇದು ಅರ್ಧ ಸತ್ಯ. ಕಂಟ್ರೋಲ್ ಆರ್ಮ್ ಗಾಡಿಯನ್ನು ಮೆತ್ತಗೆ ಮಾಡುವುದಿಲ್ಲ. ಆ ಕೆಲಸ ಸ್ಪ್ರಿಂಗಿನದು, ಶಾಕ್ ಅಬ್ಸಾರ್ಬರಿನದು, ಟೈರಿನಲ್ಲಿರುವ ಗಾಳಿಯದು. ಆರ್ಮಿನ ಕೆಲಸ ಎರಡೇ: ಚಕ್ರವನ್ನು ಸರಿಯಾದ ಕೋನದಲ್ಲಿ ಹಿಡಿದಿಡುವುದು, ಅದು ಮೇಲೆ ಕೆಳಗೆ ಎಲ್ಲೂ ತಗಲದೆ ಓಡಾಡಲು ಬಿಡುವುದು. ಲಿಫ್ಟ್ ಹಾಕಿದ್ದರಿಂದ ಇವೆರಡರಲ್ಲಿ ಒಂದಾದರೂ ಕೆಟ್ಟಿದ್ದರೆ ಮಾತ್ರ ಆರ್ಮಿಗೆ ದುಡ್ಡು ಹಾಕಬೇಕು.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ನಮೂದಿಸಿದ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಡಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಲಿಫ್ಟ್ ಕಿಟ್ ಮಾರುವವರು ಇದನ್ನು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಆರ್‌ಟಿಒ ಕಚೇರಿಯಲ್ಲೂ ವಿಮೆಯವರ ಹತ್ತಿರವೂ ವಿಚಾರಿಸಿಕೊಂಡು ಮುಂದುವರಿಯಿರಿ.

ಹಂತ 1: ಗಾಡಿಯ ಕೆಳಗೆ ಏನಿದೆ, ನೋಡಿ

ಆಫ್‌ರೋಡ್ ಗಾಡಿಗಳೆಲ್ಲ ಹೊರಗಿನಿಂದ ಒಂದೇ ಜಾತಿ ಅನ್ನಿಸಿದರೂ ಕೆಳಗೆ ತಲೆಹಾಕಿದರೆ ಬೇರೆ ಬೇರೆ. ಇಸುಝು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಇವುಗಳ ಮುಂದುಗಡೆ ಒಂದೊಂದು ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್. ನಡುವೆ ಕಾಯಿಲ್ ಸ್ಪ್ರಿಂಗು. ಇದನ್ನೇ ಡಬಲ್ ವಿಶ್‌ಬೋನ್ ಅನ್ನುವುದು. ಹಿಂದುಗಡೆ ಕಮಾನು ಪಟ್ಟೆ, ಅಂದರೆ ಲೀಫ್ ಸ್ಪ್ರಿಂಗು. ಅಲ್ಲಿ ಕಂಟ್ರೋಲ್ ಆರ್ಮೇ ಇಲ್ಲ. ಲೋಡ್ ಇಲ್ಲದ ಪಿಕಪ್ಪು ಎಸ್ಟೇಟ್ ರಸ್ತೆಯಲ್ಲಿ ಹಿಂದಿನಿಂದ ಕುಪ್ಪಳಿಸುತ್ತದೆ ಎಂದು ಮುಂದಿನ ಆರ್ಮ್ ಬದಲಿಸುವವರಿದ್ದಾರೆ. ಆ ಕುಪ್ಪಳಿಕೆಗೆ ಮದ್ದು ಪಟ್ಟೆಯಲ್ಲಿದೆ, ಶಾಕಿನಲ್ಲಿದೆ.

2020ರಲ್ಲಿ ಬಂದ ಥಾರ್‌ಗೆ ಮುಂದೆ ಡಬಲ್ ವಿಶ್‌ಬೋನ್, ಹಿಂದೆ ಕಾಯಿಲ್ ಸ್ಪ್ರಿಂಗಿನ ಮೇಲೆ ಕೂತ ಗಟ್ಟಿ ಆಕ್ಸಲ್ಲು. ಆ ಆಕ್ಸಲ್ಲನ್ನು ಹಿಡಿದಿರುವ ಲಿಂಕುಗಳೂ ಒಂದು ಬಗೆಯ ಕಂಟ್ರೋಲ್ ಆರ್ಮುಗಳೇ. ಜಿಮ್ನಿಗೆ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ಲು. ಅದರ ಕಥೆ ಬೇರೆ, ನಾಲ್ಕನೇ ಹಂತದಲ್ಲಿ ಬರುತ್ತದೆ.

ಹಂತ 2: ಅಗ್ಗದ ಕಾರಣಗಳನ್ನು ಮೊದಲು ತಳ್ಳಿಹಾಕಿ

ಟೈರಿನ ಗಾಳಿಯಿಂದ ಶುರುಮಾಡಿ. ಲಿಫ್ಟ್ ಜೊತೆಗೆ ಹೆಚ್ಚಿನವರು ದಪ್ಪ ಪಕ್ಕೆಯ ಎಲ್‌ಟಿ ಟೈರು ಹಾಕಿಸುತ್ತಾರೆ. ಆ ಟೈರಿನ ಪಕ್ಕೆ ಬಾಗುವುದೇ ಕಷ್ಟ. ಗಾಳಿಯನ್ನೂ ಬಿಗಿ ಮಾಡಿದರೆ ಪ್ರತಿ ಕಲ್ಲೂ ಬೆನ್ನಿಗೆ ತಾಗುತ್ತದೆ. ಆಮೇಲೆ ಶಾಕುಗಳಲ್ಲಿ ಎಣ್ಣೆ ಸೋರಿದ ಗುರುತು ಇದೆಯೇ ನೋಡಿ.

ಹಂಪ್ ಇಳಿದಾಗ ಬರುವ ‘ಠಣ್’ ಶಬ್ದದ ಮೂಲ ಹುಡುಕುವುದಕ್ಕೆ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ಲಿಫ್ಟ್‌ನ ಬಗೆಯ ಮೇಲೆ ಕಾರಣವೂ ಬದಲಾಗುತ್ತದೆ. ಹಳೆಯ ಶಾಕನ್ನೇ ಉಳಿಸಿಕೊಂಡು ಉದ್ದನೆಯ ಅಥವಾ ಗಟ್ಟಿ ಸ್ಪ್ರಿಂಗ್ ಹಾಕಿದ್ದರೆ ಶಾಕು ನಿಂತಲ್ಲೇ ಸಾಕಷ್ಟು ಚಾಚಿಕೊಂಡಿರುತ್ತದೆ. ಚಕ್ರ ಸ್ವಲ್ಪ ಕೆಳಗಿಳಿದರೂ ಅದರ ಓಟ ಮುಗಿದು ತುದಿಗೆ ಬಡಿಯುತ್ತದೆ. ಇದಕ್ಕೆ ಉದ್ದನೆಯ ಶಾಕೇ ಪರಿಹಾರ, ಆರ್ಮ್ ಅಲ್ಲ. ಶಾಕಿನ ತಲೆಯ ಮೇಲೆ ಸ್ಪೇಸರ್ ಇಟ್ಟಿದ್ದರೆ ಶಾಕಿನ ಓಟ ಹಾಗೇ ಉಳಿದಿರುತ್ತದೆ, ಆದರೆ ಚಕ್ರವು ಕಂಪನಿ ಅಂದುಕೊಂಡದ್ದಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಮೇಲಿನ ಆರ್ಮ್ ಕಾಯಿಲ್ ಸ್ಪ್ರಿಂಗಿಗೆ ತಗಲುತ್ತದೆ, ಇಲ್ಲವೇ ಅದರ ಬಾಲ್ ಜಾಯಿಂಟು ಇನ್ನು ತಿರುಗಲಾರದ ಕೋನಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇದು ನಿಜವಾಗಿ ಆರ್ಮಿನ ಸಮಸ್ಯೆ. ಸ್ಪ್ರಿಂಗಿನ ಒಂದು ಸುತ್ತಿನ ಮೇಲೆ ಪೇಂಟು ಕೆರೆದು ಹೊಳೆಯುತ್ತಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆಯೇ.

ಸ್ಪೇಸರಿನ ಲೆಕ್ಕದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಶಾಕು ಲೋವರ್ ಆರ್ಮಿನ ತುದಿಗಲ್ಲ, ನಡುಭಾಗಕ್ಕೆ ಕೂತಿರುತ್ತದೆ. ಹಾಗಾಗಿ ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಹಲವು ಗಾಡಿಗಳಲ್ಲಿ ಚಕ್ರದ ಬಳಿ ಹತ್ತಿರ ಹತ್ತಿರ ಅದರ ಎರಡು ಪಟ್ಟು ಎತ್ತರ ಸಿಗುತ್ತದೆ.

ಹಂತ 3: ಅಳೆಯಿರಿ, ಅಲೈನ್‌ಮೆಂಟ್ ಚೀಟಿ ತೆಗೆಸಿ

ಟೇಪು ಹಿಡಿದು ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಸೈಜು, ಗಾಳಿ ಎರಡೂ ಅಳತೆಯನ್ನು ಕೆಡಿಸುತ್ತವೆ.

ಅನಂತರ ಕಂಪ್ಯೂಟರ್ ವೀಲ್ ಅಲೈನ್‌ಮೆಂಟ್ ಇರುವಲ್ಲಿಗೆ ಹೋಗಿ. ಹೆಚ್ಚಿನ ಕಡೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದನ್ನು ಸರಿಮಾಡಿ ‘ಆಯ್ತು ಸಾರ್’ ಅಂದುಬಿಡುತ್ತಾರೆ. ಕ್ಯಾಂಬರ್, ಕ್ಯಾಸ್ಟರ್ ಎರಡೂ ಇರುವ ಪ್ರಿಂಟ್ ಬೇಕು ಎಂದು ಹಟ ಹಿಡಿಯಿರಿ. ಕ್ಯಾಂಬರ್ ಅಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಎಂಬುದು. ಟೈರಿನ ಒಂದೇ ಅಂಚು ಸವೆಯುವುದಕ್ಕೆ ಅದೂ ಟೋ ಕೂಡ ಕಾರಣ. ಕ್ಯಾಸ್ಟರ್ ಅಂದರೆ ಪಕ್ಕದಿಂದ ನೋಡಿದಾಗ ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ವಾಲಿದೆ ಎಂಬುದು. ಸೈಕಲ್ಲಿನ ಮುಂದಿನ ಫೋರ್ಕು ವಾಲಿಕೊಂಡಿರುವುದರಿಂದಲೇ ಅದು ಕೈಬಿಟ್ಟರೂ ನೆಟ್ಟಗೆ ಓಡಲು ನೋಡುತ್ತದಲ್ಲ, ಇಲ್ಲಿಯೂ ಅದೇ ತತ್ವ. ಮುಂದುಗಡೆ ಎತ್ತರಿಸಿದಾಗ ಈ ವಾಲು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸು ಬರುವುದಿಲ್ಲ, ನೂರರ ವೇಗದಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಶಿರಾಡಿ ಘಾಟಿಯಲ್ಲಿ ಎದುರಿನಿಂದ ಟ್ಯಾಂಕರ್ ಬರುವಾಗ ಇದು ಬರೀ ಕಿರಿಕಿರಿಯಾಗಿ ಉಳಿಯುವುದಿಲ್ಲ.

ಕೆಲವು ಗಾಡಿಗಳಲ್ಲಿ ಲೋವರ್ ಆರ್ಮಿನ ಬೋಲ್ಟಿಗೆ ಕ್ಯಾಮ್ ಇರುತ್ತದೆ, ಕೆಲವದರಲ್ಲಿ ಅಪ್ಪರ್ ಆರ್ಮಿನ ಬುಡದಲ್ಲಿ ಶಿಮ್ ಇರುತ್ತದೆ. ಮೊದಲು ಅವುಗಳಲ್ಲೇ ಕೋನ ತಿದ್ದಿಸಿ. ಅಂಕಿಗಳು ಕಂಪನಿಯ ಮಿತಿಯೊಳಗೆ ಬಂದು, ಚಕ್ರ ಪೂರ್ತಿ ಕೆಳಗಿಳಿದಾಗಲೂ ಎಲ್ಲೂ ತಗಲದಿದ್ದರೆ ಹೊಸ ಆರ್ಮ್ ಬೇಡ. ಒಂದು, ಒಂದೂವರೆ ಇಂಚಿನ ಲಿಫ್ಟ್ ಇರುವ ಎಷ್ಟೋ ಗಾಡಿಗಳ ವಿಷಯ ಇಲ್ಲಿಗೇ ಮುಗಿಯುತ್ತದೆ. ಎರಡಿಂಚು ದಾಟಿದರೆ ಮುಗಿಯುವುದು ಕಷ್ಟ.

ಹಂತ 4: ಯಾವ ಆರ್ಮ್, ಎಷ್ಟು ತಿದ್ದುಪಡಿ

ಡಬಲ್ ವಿಶ್‌ಬೋನ್ ಗಾಡಿಗಳಲ್ಲಿ ಸಾಮಾನ್ಯವಾಗಿ ಬದಲಿಸುವುದು ಮೇಲಿನದನ್ನು ಮಾತ್ರ. ಸ್ಪ್ರಿಂಗಿನ ಮೂಲಕ ಬರುವ ಗಾಡಿಯ ಭಾರವನ್ನು ಹೊರುವುದು ಕೆಳಗಿನ ಆರ್ಮ್. ಅದು ಬಾಗಿಲ್ಲ, ಬಿರುಕು ಬಿಟ್ಟಿಲ್ಲ, ಬುಷ್ ಸತ್ತಿಲ್ಲ ಎಂದಾದರೆ ಕಂಪನಿಯದ್ದೇ ಇರಲಿ.

ಅಪ್ಪರ್ ಆರ್ಮ್ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಇದು ಎಷ್ಟು ಡಿಗ್ರಿ ಕ್ಯಾಸ್ಟರ್ ಸೇರಿಸುತ್ತದೆ? ಎಷ್ಟು ಎತ್ತರದ ಲಿಫ್ಟ್‌ಗೆ ಮಾಡಿದ್ದು? ಚಕ್ರ ಪೂರ್ತಿ ಇಳಿದಾಗ ಕಾಯಿಲ್‌ಗೆ ಜಾಗ ಬಿಡುತ್ತದೆಯೇ? ಉತ್ತರ ಕೊಡಲಾರದವರ ಹತ್ತಿರ ಕೊಳ್ಳಬೇಡಿ. ಪೌಡರ್ ಕೋಟಿಂಗ್ ಎಷ್ಟು ಕೆಂಪಗಿದ್ದರೂ ಸರಿಯೇ.

ಕೆಲವು ಆರ್ಮುಗಳಲ್ಲಿ ತಿದ್ದುಪಡಿಯನ್ನು ಮೊದಲೇ ಸೇರಿಸಿ ಮಾಡಿರುತ್ತಾರೆ, ಕೆಲವನ್ನು ಹಾಕಿದ ಮೇಲೂ ಹೊಂದಿಸಿಕೊಳ್ಳಬಹುದು. ಹೊಸಬರಿಗೆ ಮೊದಲನೆಯದೇ ಸಾಕು ಎಂಬುದು ನನ್ನ ಅಭಿಪ್ರಾಯ. ಹೊಂದಿಸುವ ಆರ್ಮಿನ ಲಾಕ್‌ನಟ್ ಕಾಡಿನ ದಾರಿಯಲ್ಲಿ ಸಡಿಲವಾಗಿಲ್ಲ ಎಂದು ಆಗಾಗ ನೋಡುವ ಶಿಸ್ತು ಇರುವವರು ಬೇಕಾದರೆ ಎರಡನೆಯದನ್ನು ಕೊಳ್ಳಲಿ.

ಲೋಹದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಟ್ಯೂಬಿನಿಂದ ಮಾಡಿದ ಉಕ್ಕಿನ ಆರ್ಮೂ ಬಾಳುತ್ತದೆ, ಫೋರ್ಜ್ ಮಾಡಿದ್ದೂ ಬಾಳುತ್ತದೆ. ವೆಲ್ಡಿಂಗ್ ಚೊಕ್ಕವಾಗಿದೆಯೇ, ಅಷ್ಟು ನೋಡಿ.

ಇನ್ನು ಜಿಮ್ನಿ. ಅದರ ಮುಂದಿನ ಆರ್ಮುಗಳು ಆಕ್ಸಲ್ಲಿನಿಂದ ಹಿಂದಕ್ಕೆ ಚಾಸಿಯವರೆಗೆ ಚಾಚಿರುತ್ತವೆ. ಗಾಡಿ ಮೇಲೆದ್ದಾಗ ಆರ್ಮ್ ಇಳಿಜಾರಾಗಿ, ಜೊತೆಗೆ ಆಕ್ಸಲ್ಲೇ ಮುಂದಕ್ಕೆ ಹೊರಳುತ್ತದೆ; ಕ್ಯಾಸ್ಟರ್ ಹೋಗುವುದು ಹೀಗೆ. ಲೆಕ್ಕ ಸುಲಭ: ಆರ್ಮ್ 90 ಸೆಂ.ಮೀ. ಉದ್ದವಿದ್ದು ಗಾಡಿ 5 ಸೆಂ.ಮೀ. ಎದ್ದರೆ ಸುಮಾರು 3 ಡಿಗ್ರಿ ನಷ್ಟ. ಲಿಫ್ಟ್ ಸಣ್ಣದಾದರೆ ನಡುಬಿಂದು ಸರಿಸಿ ಮಾಡಿದ ಕ್ಯಾಸ್ಟರ್ ಬುಷ್ ಸಾಕು, ದೊಡ್ಡದಾದರೆ ಕೋನ ತಿದ್ದಿದ ಆರ್ಮೇ ಬೇಕು. ಹಿಂದೆ ಗಟ್ಟಿ ಆಕ್ಸಲ್ಲಿರುವ ಗಾಡಿಗಳಲ್ಲಿ ಲಿಂಕಿನ ಉದ್ದ ಬದಲಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ ಎಂಬುದು ನೆನಪಿರಲಿ. ಲಿಫ್ಟ್ ಆದಮೇಲೆ ನೆಲದಡಿಯಿಂದ ನಡುಕ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ.

ಹಂತ 5: ಬುಷ್ ಮತ್ತು ಜಾಯಿಂಟ್

ಆರ್ಮಿನಿಂದ ಸವಾರಿಯ ಹಿತ ಬದಲಾಗುವುದಿದ್ದರೆ ಇಲ್ಲಿ ಬದಲಾಗುತ್ತದೆ. ಜಾಹೀರಾತುಗಳು ಆರ್ಮಿನ ಬಲದ ಬಗ್ಗೆ ಹೇಳುತ್ತವೆ. ದಿನಾ ನಿಮಗೆ ಗೊತ್ತಾಗುವುದು ಅದರ ಎರಡು ತುದಿ.

ಚಾಸಿಗೆ ಕೂರುವ ತುದಿಯಲ್ಲಿ ಬುಷ್. ಕಂಪನಿಯ ಗಾಡಿಗಳಲ್ಲಿರುವುದು ರಬ್ಬರ್ ಬುಷ್: ಸದ್ದಿಲ್ಲ, ಗ್ರೀಸ್ ಬೇಡ, ಸಣ್ಣ ಅದುರುವಿಕೆಯನ್ನು ತಾನೇ ನುಂಗಿಕೊಳ್ಳುತ್ತದೆ. ಪಾಲಿಯುರೆಥೇನ್, ಅಂಗಡಿಯವರ ಮಾತಿನಲ್ಲಿ ‘ಪಾಲಿ ಬುಷ್’, ಹೆಚ್ಚು ಬಿಗಿ. ಸ್ಟೇರಿಂಗ್ ಚುರುಕೆನಿಸುತ್ತದೆ, ಆದರೆ ರಸ್ತೆಯ ಒರಟುತನ ಕ್ಯಾಬಿನ್ನಿಗೆ ಹೆಚ್ಚು ಬರುತ್ತದೆ, ಗ್ರೀಸ್ ಒಣಗಿದರೆ ಕಿರ್ ಎಂದು ಅರಚುತ್ತದೆ. ಸವಾರಿ ಹಿತವಾಗಲಿ ಎಂದು ಹೊರಟವರು ಪಾಲಿ ಬುಷ್ ಹಾಕಿಸಿಕೊಂಡು ಬಂದರೆ ದುಡ್ಡು ಕೊಟ್ಟು ಅದುರುವಿಕೆ ತಂದಂತೆ.

ಚಕ್ರದ ತುದಿಯಲ್ಲಿ ಬಾಲ್ ಜಾಯಿಂಟ್ ಅಥವಾ ಯೂನಿಬಾಲ್. ಯೂನಿಬಾಲ್‌ಗೆ ಹೆಚ್ಚು ಕೋನದ ಓಡಾಟವಿದೆ. ಮರುಭೂಮಿ ರೇಸಿನ ಗಾಡಿಗಳಿಗೆ ಅದು ಸಹಜ ಆಯ್ಕೆ. ಆದರೆ ಅದರ ಬೇರಿಂಗು ಸಾಮಾನ್ಯವಾಗಿ ತೆರೆದಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೆಸರು, ನೀರು, ಮರಳು ಒಳಸೇರಿ ಅದು ಬೇಗ ಸವೆದು ಕಟಕಟ ಎನ್ನತೊಡಗುತ್ತದೆ. ಸಕಲೇಶಪುರ, ಸೋಮವಾರಪೇಟೆ ಕಡೆಯ ತೋಟದ ದಾರಿಗಳಲ್ಲಿ ವರ್ಷವಿಡೀ ಓಡುವ ಗಾಡಿಗೆ ರಬ್ಬರ್ ಬೂಟು ಮುಚ್ಚಿರುವ, ಗ್ರೀಸ್ ನಿಪ್ಪಲ್ ಇರುವ, ಹೆಚ್ಚು ಕೋನ ತಿರುಗಬಲ್ಲ ಬಾಲ್ ಜಾಯಿಂಟೇ ನನ್ನ ಆಯ್ಕೆ. ಜಾಯಿಂಟನ್ನು ಮಾತ್ರ ಬಿಡಿಯಾಗಿ ಬದಲಿಸಬಹುದೇ, ಆ ಬಿಡಿಭಾಗ ಇಲ್ಲೇ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಸೈಜಾದರೆ ನೆಮ್ಮದಿ. ಇಲ್ಲದಿದ್ದರೆ ಒಂದು ಸಣ್ಣ ಜಾಯಿಂಟಿಗಾಗಿ ಹೊರದೇಶದ ಪಾರ್ಸೆಲ್ ಕಾಯುತ್ತ ಗಾಡಿ ಶೆಡ್ಡಿನಲ್ಲಿ ನಿಲ್ಲುತ್ತದೆ.

ಹಂತ 6: ಆರ್ಡರ್ ಮಾಡುವ ಮುನ್ನ

ಮಾಡೆಲ್ಲಿನ ಹೆಸರು ನಂಬಿ ತರಿಸಬೇಡಿ. ಹೊರದೇಶಗಳಲ್ಲಿ 2019ರ ಕೊನೆಯಿಂದ ಹೊಸ ತಲೆಮಾರಿನ ಡಿ-ಮ್ಯಾಕ್ಸ್ ಮಾರಾಟಕ್ಕೆ ಬಂತು. ಇಲ್ಲಿ ಓಡುತ್ತಿರುವ ವಿ-ಕ್ರಾಸ್ ಕೂಡ ಡಿ-ಮ್ಯಾಕ್ಸೇ, ಆದರೆ ಅದಕ್ಕಿಂತ ಹಿಂದಿನ ತಲೆಮಾರಿನದು. ‘ಡಿ-ಮ್ಯಾಕ್ಸ್ ಅಪ್ಪರ್ ಆರ್ಮ್’ ಎಂದಷ್ಟೇ ಕೇಳಿ ಆಸ್ಟ್ರೇಲಿಯಾದಿಂದ ತರಿಸಿದರೆ ಬೇರೆಯದೇ ಕೈಗೆ ಬರಬಹುದು. ಚಾಸಿ ನಂಬರು, ತಯಾರಾದ ವರ್ಷ, ಹಳೆಯ ಆರ್ಮಿನ ಪಾರ್ಟ್ ನಂಬರು ಮೂರನ್ನೂ ಕೊಟ್ಟು ಖಚಿತಪಡಿಸಿಕೊಳ್ಳಿ. ಎಡಬಲ ಜೋಡಿಯಾಗಿಯೇ ಕೊಳ್ಳಬೇಕು.

ಹಂತ 7: ಜೋಡಣೆ

ಇದನ್ನು ಬಲ್ಲ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಗಾಡಿ ಜಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲೆ ಕೂತಿರಬೇಕು. ಅಪ್ಪರ್ ಆರ್ಮ್ ಬಿಚ್ಚಿದೊಡನೆ ಚಕ್ರದ ಹಬ್ಬು ಹೊರಕ್ಕೆ ವಾಲುತ್ತದೆ. ಲೋವರ್ ಆರ್ಮಿಗೆ ಜಾಕ್ ಕೊಟ್ಟು, ಹಬ್ಬನ್ನು ಹಗ್ಗದಲ್ಲಿ ಕಟ್ಟಿಡದಿದ್ದರೆ ಬ್ರೇಕ್ ಹೋಸು, ಎಬಿಎಸ್ ವೈರು, ಆಕ್ಸಲ್ ಜಾಯಿಂಟು ಮೂರೂ ಎಳೆಯಲ್ಪಡುತ್ತವೆ.

ಅತಿ ಹೆಚ್ಚು ತಪ್ಪಾಗುವುದು ಬುಷ್ ಬೋಲ್ಟ್ ಬಿಗಿಯುವಾಗ. ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಸವಾರಿ ಒರಟಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಆದ್ದರಿಂದ ಮೊದಲು ಕೈಬಿಗಿ ಮಾಡಿ, ಚಕ್ರ ಹಾಕಿ, ಗಾಡಿ ತನ್ನ ಭಾರದ ಮೇಲೆ ನಿಂತ ಮೇಲೆ ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದಷ್ಟೇ ಬಿಗಿಸಬೇಕು. ಬಾಲ್ ಜಾಯಿಂಟಿನ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿದರೇ ಎಂದೂ ನೋಡಿ.

ಬೋಲ್ಟ್ ಬಿಗಿದ ಮೇಲೆ ಒಂದು ಕಡೆಯ ಚಕ್ರವನ್ನು ಪೂರ್ತಿ ಇಳಿಬಿಟ್ಟು ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಆರ್ಮಿಗೂ ಕಾಯಿಲ್‌ಗೂ ನಡುವೆ ಬೆರಳು ತೂರಬೇಕು, ಹೋಸು ಬಿಗಿಯಾಗಬಾರದು. ಇನ್ನೊಂದು ಕಡೆಯೂ ಹಾಗೆಯೇ.

ಹಂತ 8: ಮತ್ತೆ ಅಲೈನ್‌ಮೆಂಟ್

ಅಂದೇ ಮಾಡಿಸಿ. ಎಡಬಲದ ಕ್ಯಾಸ್ಟರ್ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರ ಉಳಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಎಂಬುದು ಗೊತ್ತಾಗುತ್ತದೆ. ಐನೂರು ಕಿಲೋಮೀಟರಿನ ಹೊತ್ತಿಗೆ ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ. ನಿಪ್ಪಲ್ ಇದ್ದರೆ ಮಳೆಗಾಲದ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಗ್ರೀಸ್ ತುಂಬಿಸಿ. ಹೊಳೆ ದಾಟಿಸಿದ್ದರೆ ಅದಾದ ಮೇಲೂ.