ಮಿಡಿ ಗುಂಡಿಯಿಂದ ಈಕ್ವಲೈಸರ್ ನಿಯಂತ್ರಣ

ಧ್ವನಿಮುದ್ರಿತವಾದ ಯಾವುದೇ ಗಾಯನದಲ್ಲಿ ಬೇರೆ ಬೇರೆ ಆವೃತ್ತಿಗಳ ಅನೇಕ ನಾದಗಳು ಬೆರೆತಿರುತ್ತವೆ. ಇವುಗಳಲ್ಲಿ ಕೆಲವನ್ನು ಏರಿಸಿ, ಕೆಲವನ್ನು ತಗ್ಗಿಸಿ, ಧ್ವನಿಯನ್ನು ಹದಗೊಳಿಸುವ ಸಾಧನಕ್ಕೆ ಈಕ್ವಲೈಸರ್ ಎಂದು ಹೆಸರು. ಇಂದು ಅದು ಗಣಕದ ಸಂಗೀತ ತಂತ್ರಾಂಶಗಳಲ್ಲಿಯೇ ಅಡಕವಾಗಿದೆ. ಆದರೆ ಮೌಸ್ ಹಿಡಿದು ಪರದೆಯ ಮೇಲೆ ಕೆಲಸ ಮಾಡುವವನು ಒಂದು ಸಲಕ್ಕೆ ಒಂದೇ ಗುಂಡಿಯನ್ನು ತಿರುಗಿಸಬಲ್ಲನು. ಅವನ ಗಮನವೂ ಕಿವಿಗಿಂತ ಕಣ್ಣಿನ ಕಡೆಗೇ ಹರಿಯುತ್ತದೆ. ನಿಜವಾದ ಗುಂಡಿಗಳುಳ್ಳ ಮಿಡಿ ನಿಯಂತ್ರಕವು ಈ ಕೊರತೆಯನ್ನು ನೀಗಿಸುತ್ತದೆ.

ಮಿಡಿ ಎಂಬುದು ಸಂಗೀತ ಸಾಧನಗಳು ಪರಸ್ಪರ ಸಂದೇಶ ಕಳುಹಿಸಲು ಏರ್ಪಟ್ಟ ಒಂದು ಸಂಕೇತ ಪದ್ಧತಿ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಇದರ ಪ್ರಮುಖ ಪ್ರವರ್ತಕರು. 1983ರ ಜನವರಿಯಲ್ಲಿ ಬೇರೆ ಬೇರೆ ಕಂಪನಿಗಳ ಎರಡು ವಾದ್ಯಗಳನ್ನು ಇದರ ಮೂಲಕ ಜೋಡಿಸಿ ಸಾರ್ವಜನಿಕವಾಗಿ ತೋರಿಸಲಾಯಿತು.

ಮಿಡಿ ತಂತಿಯಲ್ಲಿ ಧ್ವನಿಯು ಹರಿಯುವುದಿಲ್ಲ, ಸಂಖ್ಯೆಗಳು ಮಾತ್ರ ಹರಿಯುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಮೊದಲು ಮನಗಾಣಬೇಕು. ಗುಂಡಿಯನ್ನು ತಿರುಗಿಸಿದಾಗ ಮೂರು ಸಂಖ್ಯೆಗಳ ಒಂದು ಸಂದೇಶ ಹೊರಡುತ್ತದೆ. ಉದಾಹರಣೆಗೆ 176, 20, 64 ಎಂಬ ಸಂದೇಶವನ್ನು ತೆಗೆದುಕೊಳ್ಳೋಣ. 176 ಎಂದರೆ ಮೊದಲನೆಯ ಚಾನೆಲಿನಲ್ಲಿ ಒಂದು ನಿಯಂತ್ರಕವು ಬದಲಾಯಿತೆಂದು ಅರ್ಥ. 20 ಆ ಗುಂಡಿಯ ಕ್ರಮಾಂಕ. 64 ಅದು ತಲುಪಿದ ಸ್ಥಾನ. ಸ್ಥಾನವನ್ನು ಹೇಳಲು ಏಳು ಬಿಟ್‌ಗಳಷ್ಟೇ ಇರುವುದರಿಂದ 0ಯಿಂದ 127ರವರೆಗೆ ಒಟ್ಟು 128 ಸ್ಥಾನಗಳು ಮಾತ್ರ ಸಾಧ್ಯ.

ಇನ್ನು ಜೋಡಣೆಯ ಕ್ರಮವನ್ನು ನೋಡೋಣ. ಏಬಲ್‌ಟನ್ ಲೈವ್ ಎಂಬ ತಂತ್ರಾಂಶವನ್ನು ನಿದರ್ಶನವಾಗಿ ಇಟ್ಟುಕೊಳ್ಳಬಹುದು. ಮೊದಲು ನಿಯಂತ್ರಕವನ್ನು ಯುಎಸ್‌ಬಿ ತಂತಿಯಿಂದ ಗಣಕಕ್ಕೆ ಸೇರಿಸಿ, ತಂತ್ರಾಂಶದ ಮಿಡಿ ಸೆಟ್ಟಿಂಗಿನಲ್ಲಿ ಆ ಸಾಧನದ ಒಳಬರುವ ಸಾಲಿನೆದುರು 'ರಿಮೋಟ್' ಎಂಬುದನ್ನು ಚಾಲೂ ಮಾಡಬೇಕು. ಅನಂತರ ಧ್ವನಿಯ ಟ್ರ್ಯಾಕಿನ ಮೇಲೆ ಈಕ್ವಲೈಸರನ್ನು ಇರಿಸಬೇಕು. ವಿಂಡೋಸ್ ಗಣಕದಲ್ಲಿ ಕಂಟ್ರೋಲ್ ಮತ್ತು ಎಮ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಜೋಡಿಸಬಹುದಾದ ಭಾಗಗಳು ನೀಲಿಯಾಗುತ್ತವೆ. ಬೇಕಾದ ಭಾಗವನ್ನು ಕ್ಲಿಕ್ಕಿಸಿ, ಕೈಯಲ್ಲಿರುವ ಗುಂಡಿಯನ್ನು ಸ್ವಲ್ಪ ತಿರುಗಿಸಿದರೆ ಅವೆರಡಕ್ಕೂ ನಂಟು ಏರ್ಪಡುತ್ತದೆ. ಅದೇ ಕೀಲಿಗಳನ್ನು ಮತ್ತೊಮ್ಮೆ ಒತ್ತಿ ಹೊರಬರಬೇಕು. ಇತರ ತಂತ್ರಾಂಶಗಳಲ್ಲಿ ಇದೇ ಕ್ರಿಯೆಗೆ 'ಮಿಡಿ ಲರ್ನ್' ಎಂಬ ಹೆಸರುಂಟು.

ಇಲ್ಲಿ ಒಂದು ಸ್ವಾರಸ್ಯವಾದ ಪ್ರಶ್ನೆ ಏಳುತ್ತದೆ. ಮನುಷ್ಯನ ಕಿವಿಗೆ ಕೇಳಿಸುವ ಆವೃತ್ತಿಗಳು ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಇವೆ. ಇವನ್ನು 128 ಸ್ಥಾನಗಳಿಗೆ ಹಂಚುವುದು ಹೇಗೆ? ಸಮಾನ ಅಂತರದಲ್ಲಿ ಹಂಚಿದರೆ ಒಂದೊಂದು ಮೆಟ್ಟಿಲೂ ಸುಮಾರು 157 ಹರ್ಟ್ಸ್ ಆಗುತ್ತದೆ. ಆಗ ಮೊದಲನೆಯ ಮೆಟ್ಟಿಲೇ 20ರಿಂದ 177ಕ್ಕೆ ನೆಗೆದು, ಮೂರಕ್ಕಿಂತ ಹೆಚ್ಚು ಸ್ಥಾಯಿಗಳನ್ನು ದಾಟಿಬಿಡುತ್ತದೆ; ಮೃದಂಗದ ಎಡಗಡೆಯ ಗುಂಭವೂ ತಂಬೂರಿಯ ಮಂದ್ರವೂ ಗುಂಡಿಯ ಹಿಡಿತಕ್ಕೆ ಸಿಗುವುದೇ ಇಲ್ಲ. ಆದರೆ ಕಿವಿಯು ಗ್ರಹಿಸುವುದು ಅಂತರವನ್ನಲ್ಲ, ಅನುಪಾತವನ್ನು. ಆವೃತ್ತಿ ಇಮ್ಮಡಿಯಾದಾಗಲೆಲ್ಲ ಒಂದು ಸ್ಥಾಯಿ ಏರಿದಂತಾಗುತ್ತದೆ. ಆದುದರಿಂದ ಪ್ರತಿ ಮೆಟ್ಟಿಲನ್ನೂ ಹಿಂದಿನದರ 1.056ರಷ್ಟಾಗಿ ಇಟ್ಟರೆ, ಅಂದರೆ ಲಘುಗಣಕ ಕ್ರಮದಲ್ಲಿ ಹಂಚಿದರೆ, 127 ಮೆಟ್ಟಿಲುಗಳಲ್ಲಿ ಇಡೀ ವ್ಯಾಪ್ತಿಯನ್ನು ಕ್ರಮಿಸಬಹುದು. ಹಾರ್ಮೋನಿಯಮ್ಮಿನ ಎರಡು ನೆರೆಯ ಮನೆಗಳ ಅನುಪಾತ ಸುಮಾರು 1.059. ಎಂದರೆ ಗುಂಡಿಯ ಒಂದು ಮೆಟ್ಟಿಲು ಹೆಚ್ಚುಕಡಮೆ ಒಂದು ಸ್ವರಸ್ಥಾನಕ್ಕೆ ಸಮನಾಯಿತು!

ಇದಕ್ಕಿಂತ ಸೂಕ್ಷ್ಮವಾದ ಹಿಡಿತ ಬೇಕಾದರೆ ವ್ಯಾಪ್ತಿಯನ್ನು ಕಿರಿದುಗೊಳಿಸಬೇಕು. 200ರಿಂದ 2,000 ಹರ್ಟ್ಸ್‌ಗೆ ಮಿತಿ ಹಾಕಿದರೆ, ಒಂದು ಮೆಟ್ಟಿಲು ಸ್ವರಸ್ಥಾನದ ಮೂರನೆಯ ಒಂದು ಪಾಲಿಗಿಂತಲೂ ಚಿಕ್ಕದಾಗುತ್ತದೆ.

ಎಚ್ಚರದಿಂದಿರಬೇಕಾದ ಇನ್ನೊಂದು ಸಂಗತಿಯಿದೆ. ಪರದೆಯ ಮೇಲೆ ಮಟ್ಟವು ತಗ್ಗಿನಲ್ಲಿದ್ದು, ಕೈಯ ಗುಂಡಿ ಮೇಲ್ತುದಿಯಲ್ಲಿದ್ದರೆ, ಮುಟ್ಟಿದೊಡನೆ ಧ್ವನಿಯು ಹಠಾತ್ತನೆ ನೆಗೆಯುತ್ತದೆ. ಕಿವಿಗೆ ಹೆಡ್‌ಫೋನ್ ಧರಿಸಿರುವಾಗ ಇದು ಅಪಾಯಕರ. 'ಪಿಕಪ್' ಎಂಬ ವ್ಯವಸ್ಥೆಯನ್ನು ಆರಿಸಿದರೆ, ಗುಂಡಿಯು ಪರದೆಯ ಮಟ್ಟವನ್ನು ತಲುಪುವವರೆಗೆ ತಂತ್ರಾಂಶವು ಅದರ ಮಾತನ್ನು ಕೇಳುವುದಿಲ್ಲ. ಹೀಗಿದ್ದರೂ ಜೋಡಣೆಯ ಸಮಯದಲ್ಲಿ ಒಟ್ಟು ಶಬ್ದವನ್ನು ತಗ್ಗಿಸಿಡುವುದು ವಿವೇಕ.

ಅನುಕೂಲವುಳ್ಳ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಪರಿಚಿತ ಕಂಠವೊಂದನ್ನು ಮುದ್ರಿಸಿ, ಈಕ್ವಲೈಸರಿನ ಒಂದು ಕಿರಿದಾದ ಪಟ್ಟಿಯನ್ನು 6 ಡೆಸಿಬೆಲ್ ಏರಿಸಿ, ಅದರ ಆವೃತ್ತಿಯನ್ನು ಗುಂಡಿಗೆ ಜೋಡಿಸಿರಿ. ಕಣ್ಣು ಮುಚ್ಚಿ ಗುಂಡಿಯನ್ನು ಮೆಲ್ಲನೆ ತಿರುಗಿಸಿರಿ. ಧ್ವನಿಯು ಎಲ್ಲಿ ಗುಂಯ್ಗುಡುತ್ತದೆ, ಎಲ್ಲಿ ಮೂಗಿನಿಂದ ಬಂದಂತಾಗುತ್ತದೆ, ಎಲ್ಲಿ 'ಸ'ಕಾರವು ಚುಚ್ಚುತ್ತದೆ ಎಂಬುದನ್ನು ಗುರುತಿಸಿ, ಅನಂತರ ಕಣ್ತೆರೆದು ಆಯಾ ಆವೃತ್ತಿಗಳನ್ನು ಬರೆದುಕೊಳ್ಳಿರಿ. ಎರಡನೆಯ ಕಂಠದೊಡನೆ ಇದನ್ನೇ ಮಾಡಿ ಹೋಲಿಸಿದರೆ, ಒಬ್ಬರ ಧ್ವನಿಗೆ ಹೊಂದಿದ ಹದವು ಇನ್ನೊಬ್ಬರಿಗೆ ಏಕೆ ಹೊಂದುವುದಿಲ್ಲವೆಂಬುದು ತಾನಾಗಿ ತಿಳಿಯುವುದು.