ನಿಖರ ಬೇಸಾಯದಲ್ಲಿ ಡ್ರೋನ್ ಮತ್ತು ರೋಬಾಟ್: ಸಣ್ಣ ಉದ್ಯಮಕ್ಕಿರುವ ಅವಕಾಶ

ಒಂದೇ ಹೊಲದ ಮಣ್ಣು ಎಲ್ಲೆಡೆ ಒಂದೇ ಬಗೆಯದಾಗಿರುವುದಿಲ್ಲ. ತಗ್ಗಿನಲ್ಲಿ ತೇವ ಹೆಚ್ಚು, ದಿಬ್ಬದಲ್ಲಿ ಕಡಿಮೆ. ಒಂದು ಮೂಲೆಯಲ್ಲಿ ಕೀಟಬಾಧೆ, ಇನ್ನೊಂದರಲ್ಲಿ ಪೋಷಕಾಂಶಗಳ ಕೊರತೆ. ಈ ವ್ಯತ್ಯಾಸವನ್ನು ಅಳೆದು, ನೀರು, ಗೊಬ್ಬರ ಹಾಗೂ ಔಷಧಿಯನ್ನು ಅಗತ್ಯವಿರುವೆಡೆ ಅಗತ್ಯವಿರುವಷ್ಟೇ ಒದಗಿಸುವ ಪದ್ಧತಿಗೆ ನಿಖರ ಬೇಸಾಯವೆಂದು ಹೆಸರು. ಇದರ ಸಾಧನಗಳಾದ ಡ್ರೋನ್ ಮತ್ತು ರೋಬಾಟ್‌ಗಳ ತಯಾರಿಕೆ, ಮಾರಾಟ ಹಾಗೂ ದುರಸ್ತಿ ಸಣ್ಣ ಉದ್ಯಮಿಗಳಿಗೆ ಎಷ್ಟರಮಟ್ಟಿಗೆ ಲಾಭದಾಯಕವೆಂಬುದು ಪರಿಶೀಲನಾರ್ಹ ವಿಷಯವಾಗಿದೆ.

ಕಾರ್ಯವಿಧಾನ

ಕೃಷಿ ಡ್ರೋನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಸಮೀಕ್ಷೆಯ ಡ್ರೋನ್ ವಿಶೇಷ ಕ್ಯಾಮೆರಾದಿಂದ ಬೆಳೆಯ ಚಿತ್ರ ತೆಗೆಯುತ್ತದೆ. ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಸೊರಗಿದ ಎಲೆಯಲ್ಲಿ ಈ ಅಂತರ ಕುಗ್ಗುವುದರಿಂದ ರೋಗದ ನೆಲೆಯನ್ನು ಬೇಗನೆ ಗುರುತಿಸಬಹುದು. ಎರಡನೆಯದು ಸಿಂಪಡಣೆಯ ಡ್ರೋನ್. 10 ಲೀಟರ್ ತೊಟ್ಟಿಯ ಯಂತ್ರವು ಸುಮಾರು ಹತ್ತು ನಿಮಿಷಗಳಲ್ಲಿ ಒಂದು ಎಕರೆಗೆ ಔಷಧಿ ಸಿಂಪಡಿಸಬಲ್ಲದು. ಆಳೆತ್ತರ ಬೆಳೆದ ತೊಗರಿಯ ನಡುವೆ ಕೂಲಿಕಾರ್ಮಿಕರು ವಿಷದ ಹನಿಗಳಲ್ಲಿ ನಡೆಯುವ ಅಪಾಯ ಇದರಿಂದ ತಪ್ಪುತ್ತದೆ.

ವಿದೇಶಗಳಲ್ಲಿ ರೋಬಾಟ್ ಬಳಕೆ ಮುಂದುವರಿದಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 1992ರಿಂದಲೇ ಹಾಲು ಕರೆಯುವ ರೋಬಾಟ್‌ಗಳು ಕೆಲಸ ಮಾಡುತ್ತಿವೆ. ಅಮೆರಿಕದ ಜಾನ್ ಡಿಯರ್ ಸಂಸ್ಥೆಯು 2017ರಲ್ಲಿ ಬ್ಲೂ ರಿವರ್ ಕಂಪನಿಯನ್ನು ಖರೀದಿಸಿ, ಕಳೆಯನ್ನು ಗುರುತಿಸಿ ಅದರ ಮೇಲೆ ಮಾತ್ರ ಔಷಧಿ ಸಿಂಪಡಿಸುವ ಯಂತ್ರಗಳನ್ನು ಹೊರತಂದಿತು. ಆದರೆ ಸಣ್ಣ ಹಿಡುವಳಿಗಳ ನಮ್ಮ ದೇಶದಲ್ಲಿ ಸದ್ಯದ ಮಾರುಕಟ್ಟೆ ಡ್ರೋನ್‌ನದೇ.

ಸರ್ಕಾರದ ನೀತಿ

2021ರ ಆಗಸ್ಟ್‌ನಲ್ಲಿ ಹೊಸ ಡ್ರೋನ್ ನಿಯಮಗಳು ಜಾರಿಗೆ ಬಂದವು. ಅದೇ ವರ್ಷ 120 ಕೋಟಿ ರೂ.ಗಳ ಉತ್ಪಾದನಾ ಪ್ರೋತ್ಸಾಹಧನ ಯೋಜನೆಯೂ ಪ್ರಕಟವಾಯಿತು. 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿ, ಬಿಡಿಭಾಗಗಳ ಆಮದಿಗೆ ಅವಕಾಶ ನೀಡಲಾಯಿತು. ಮಹಿಳಾ ಸ್ವಸಹಾಯ ಗುಂಪುಗಳಿಗಾಗಿ ರೂಪಿತವಾದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂ. ನೆರವು ನಿಗದಿಯಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಡ್ರೋನ್‌ಗಳ ಮೇಲಿನ ಜಿ.ಎಸ್.ಟಿ. ದರ ಶೇ. 5ಕ್ಕೆ ಇಳಿಯಿತು.

ಲೆಕ್ಕಾಚಾರ

ಸಹಾಯಧನವನ್ನಷ್ಟೇ ನೆಚ್ಚಿ ಬಂಡವಾಳ ಹೂಡುವುದು ವಿವೇಕವಲ್ಲ. ಗ್ರಾಹಕನ ಆದಾಯವನ್ನೂ ಪರಿಗಣಿಸಬೇಕು. ಉದಾಹರಣೆಗೆ, ಡ್ರೋನ್‌ನ ಬೆಲೆ 6 ಲಕ್ಷ ರೂ., ಬಾಳಿಕೆ 4 ವರ್ಷ ಎಂದಿಟ್ಟುಕೊಂಡರೆ ವಾರ್ಷಿಕ ಸವಕಳಿ 1.5 ಲಕ್ಷ ರೂ. ಆಗುತ್ತದೆ. ಬ್ಯಾಟರಿ, ಸಂಬಳ, ಸಾಗಣೆ ವೆಚ್ಚ ಕಳೆದು ಎಕರೆಗೆ 150 ರೂ. ಉಳಿದರೆ, ಅಸಲು ಹುಟ್ಟಲು ವರ್ಷಕ್ಕೆ 1,000 ಎಕರೆ ಸಿಂಪಡಣೆ ಆಗಬೇಕು. ದಿನಕ್ಕೆ 20 ಎಕರೆಯಂತೆ ಇದು 50 ದಿನಗಳ ಕೆಲಸ. ಒಂದೇ ಬೆಳೆಯ ಪ್ರದೇಶದಲ್ಲಿ ಸಿಂಪಡಣೆಯ ಅವಧಿ ಕೆಲವೇ ವಾರಗಳದ್ದು. ಆದ್ದರಿಂದ ಈ ಯಂತ್ರದ ನಿಜವಾದ ಗ್ರಾಹಕ ಒಬ್ಬಂಟಿ ರೈತನಲ್ಲ; ಹಲವು ಬೆಳೆ, ಹಲವು ಊರುಗಳಿಗೆ ಸೇವೆ ನೀಡುವ ಬಾಡಿಗೆ ಕೇಂದ್ರ ಮತ್ತು ರೈತ ಉತ್ಪಾದಕ ಸಂಸ್ಥೆಗಳು. ಹಂಗಾಮಿನಲ್ಲಿ ಯಂತ್ರ ಒಂದು ವಾರ ಕೆಟ್ಟು ನಿಂತರೆ ಅವರ ವರ್ಷದ ಲೆಕ್ಕವೇ ತಪ್ಪುತ್ತದೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಇಡೀ ಡ್ರೋನ್ ತಯಾರಿಸಲು ನಾಗರಿಕ ವಿಮಾನಯಾನ ನಿಯಮಗಳನ್ವಯ ಮಾದರಿ ಪ್ರಮಾಣಪತ್ರ ಬೇಕು. ತೊಟ್ಟಿ, ಪಂಪು, ನಾಜಲ್, ಚೌಕಟ್ಟು ಮುಂತಾದ ಬಿಡಿಭಾಗಗಳಿಂದ ಆರಂಭಿಸುವುದು ಸಣ್ಣ ಘಟಕಗಳಿಗೆ ಸುಲಭ.

2. ಬಳಕೆಯಾಗುವ ಔಷಧಿಗೆ ತಕ್ಕಂತೆ ವಸ್ತುವನ್ನು ಆರಿಸಬೇಕು. ಅಡಿಕೆಯ ಕೊಳೆರೋಗಕ್ಕೆ ಬಳಸುವ ಬೋರ್ಡೊ ದ್ರಾವಣದಲ್ಲಿನ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ; ಸುಣ್ಣದ ಕಣಗಳು ನಾಜಲ್ ಕಟ್ಟಿಸುತ್ತವೆ.

3. ತಾಲ್ಲೂಕು ಮಟ್ಟದಲ್ಲಿ ದುರಸ್ತಿ, ಬ್ಯಾಟರಿ ಹಾಗೂ ಬಿಡಿಭಾಗಗಳ ದಾಸ್ತಾನು ಇರಬೇಕು.

4. ಚಾಲಕರಿಗೆ ದೂರಚಾಲನಾ ಪ್ರಮಾಣಪತ್ರ ಇರುವುದನ್ನು ಮಾರಾಟಗಾರರು ಖಚಿತಪಡಿಸಿಕೊಳ್ಳುವುದು ಕ್ಷೇಮ.

ಯಂತ್ರ ಮಾರಿದ ದಿನವೇ ವ್ಯವಹಾರ ಮುಗಿಯುವುದಿಲ್ಲ. ಹಂಗಾಮಿನುದ್ದಕ್ಕೂ ಅದನ್ನು ನಡೆಯುವಂತೆ ನೋಡಿಕೊಳ್ಳುವವರಿಗೇ ಈ ಕ್ಷೇತ್ರದ ಮಾರುಕಟ್ಟೆ ದಕ್ಕುತ್ತದೆ.