ಆಟಿಯಲ್ಲಿ ಶಟರು ಯಾಕೆ ಸಿಕ್ಕಿಕೊಳ್ಳುತ್ತದೆ?

ಮಕ್ಕಳೇ, ಹಿಂದೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಅಂಗಳದ ಬದಿಗೆ ಹಟ್ಟಿ ಇರುತ್ತಿತ್ತು. ಈಗ ಎಷ್ಟೋ ಕಡೆ ಅಲ್ಲಿ ಕಾರಿನ ಶೆಡ್ಡು ಉಂಟು, ಅದಕ್ಕೆ ಅಂಗಡಿಗೆ ಹಾಕುವಂಥದ್ದೇ ಸುರುಳಿ ಶಟರು. ಬೇಸಿಗೆಯಲ್ಲಿ ಒಂದು ಕೈಗೆ ಮೇಲೆ ಹೋಗುವ ಈ ಶಟರು ಆಟಿ ತಿಂಗಳಲ್ಲಿ ಇಬ್ಬರು ಎಳೆದರೂ ಅಲುಗುವುದಿಲ್ಲ. ಕಳೆದ ಜುಲೈಯಲ್ಲಿ ಒಂದು ರಾತ್ರಿ ನನ್ನ ಅಮ್ಮನಿಗೆ ಉಬ್ಬಸ ಜೋರಾಯಿತು. ಕಾರು ಶೆಡ್ಡಿನ ಒಳಗೆ. ಶಟರು ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತು. ಪಕ್ಕದ ಮನೆಯ ಜೀಪು ಸಿಕ್ಕಿದ್ದರಿಂದ ಆಸ್ಪತ್ರೆಗೆ ಹೋದೆವು, ಅಮ್ಮ ಹುಷಾರಾದರು. ತಪ್ಪು ಮಳೆಯದ್ದಲ್ಲ, ನನ್ನದೇ. ಅದೇನೆಂದು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ಅಷ್ಟು ಭಾರದ ಕಬ್ಬಿಣದ ಪರದೆ ಒಂದು ಕೈಗೆ ಹೇಗೆ ಏಳುತ್ತದೆ? ಮೇಲಿನ ಉರುಳೆಯ ಒಳಗೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಉಕ್ಕಿನ ಪಟ್ಟಿಗಳು ಇರುತ್ತವೆ. ನೀವು ಶಟರನ್ನು ಕೆಳಗೆ ಎಳೆದಾಗ ಅವು ಬಿಗಿಯಾಗುತ್ತವೆ, ಎತ್ತುವಾಗ ಬಿಚ್ಚಿಕೊಂಡು ನಿಮಗೆ ಸಹಾಯ ಮಾಡುತ್ತವೆ. ಇದರಲ್ಲಿ ಒಂದು ಚಂದದ ಹೊಂದಾಣಿಕೆ ಉಂಟು. ಶಟರು ಕೆಳಗಿಳಿದಷ್ಟೂ ನೇತಾಡುವ ಭಾರ ಹೆಚ್ಚುತ್ತದೆ. ಸ್ಪ್ರಿಂಗೂ ಅಷ್ಟಷ್ಟೇ ಬಿಗಿಯಾಗುತ್ತ ಹೋಗುತ್ತದೆ. ಹಾಗಾಗಿ ಸರಿಯಾಗಿರುವ ಶಟರನ್ನು ಅರ್ಧಕ್ಕೆ ತಂದು ಬಿಟ್ಟರೆ ಅದು ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು.

ಲೆಕ್ಕ ಮಾಡಿ ನೋಡುವ. ಶಟರಿನ ದ್ರವ್ಯರಾಶಿ 60 ಕಿಲೋಗ್ರಾಂ, ಎತ್ತರ 2.4 ಮೀಟರ್ ಎಂದಿಟ್ಟುಕೊಳ್ಳಿ. ಮುಚ್ಚಿದ್ದಾಗ ಅದರ ಗುರುತ್ವಕೇಂದ್ರ ನೆಲದಿಂದ 1.2 ಮೀಟರಿನಲ್ಲಿ, ಪೂರ್ತಿ ಸುತ್ತಿಕೊಂಡಾಗ ಸುಮಾರು 2.4 ಮೀಟರಿನಲ್ಲಿ. ಅಂದರೆ ಏರಿದ್ದು 1.2 ಮೀಟರ್. 60 × 9.8 × 1.2 = ಸುಮಾರು 700 ಜೂಲ್. ಮುಚ್ಚಿದ ಶಟರಿನ ಸ್ಪ್ರಿಂಗಿನಲ್ಲಿ ಹತ್ತಿರಹತ್ತಿರ ಇಷ್ಟು ಪ್ರಚ್ಛನ್ನ ಶಕ್ತಿ ಕೂತಿರುತ್ತದೆ. ಒಂದೂವರೆ ಕಿಲೋದ ತೆಂಗಿನಕಾಯಿ 15 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 220 ಜೂಲ್. ಅಂಥ ಮೂರು ಕಾಯಿ ಒಟ್ಟಿಗೆ ಬಿದ್ದ ಹಾಗೆ ಆಯಿತು. ಆದ್ದರಿಂದ ಉರುಳೆಯ ಎರಡು ಬದಿಯ ಬೋಲ್ಟುಗಳಿಗೆ ನೀವು ಸ್ಪಾನರ್ ಹಾಕಲೇಬಾರದು, ಅಣ್ಣನಿಗೂ ಹಾಕಲು ಬಿಡಬಾರದು. ಶಟರು ಒಮ್ಮೆಗೇ ಭಾರವಾಯಿತೇ? ಸ್ಪ್ರಿಂಗು ತುಂಡಾಗಿರಬಹುದು. ಅಡಿಯಲ್ಲಿ ನುಸುಳಬೇಡಿ, ಮೆಕ್ಯಾನಿಕ್ ಬರಲಿ.

ಇನ್ನು ಮಳೆಯ ಮಾತು. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಸಿಕ್ಕಿದರೆ ತುಕ್ಕು ಹಿಡಿಯುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಪಾಠದಲ್ಲಿ ಹೆಚ್ಚಾಗಿ ಹೇಳದ ವಿಷಯ ಒಂದುಂಟು: ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಪಟ್ಟಿಗೆ ಪಟ್ಟಿ ಕೊಂಡಿ ಹಾಕಿಕೊಂಡ ಸಂದಿಯಲ್ಲಿ, ಬದಿಯ ಚಾನೆಲಿನಲ್ಲಿ ಅದು ಉಬ್ಬಿ ಕೂತರೆ ಶಟರು ತಿರುಗುವುದಾದರೂ ಎಲ್ಲಿಂದ? ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ ಉಪ್ಪಿನ ಗಾಳಿಯ ಕಾಟ ಬೇರೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತುಕ್ಕೂ ಬೇಗ ಬರುತ್ತದೆ.

ಶಟರಿನ ಪಟ್ಟಿಗೆ ಸತುವಿನ ಲೇಪ ಇದ್ದರೆ ಗೀರು ಬಿದ್ದ ಕಡೆಯೂ ಸ್ವಲ್ಪ ಕಾಲ ಕಬ್ಬಿಣ ಉಳಿಯುತ್ತದೆ, ಯಾಕೆಂದರೆ ಸತು ಹೆಚ್ಚು ಕ್ರಿಯಾಶೀಲ. ಕಬ್ಬಿಣಕ್ಕಿಂತ ಮೊದಲು ತಾನು ಕರಗುತ್ತದೆ. ಬಿಳಿ ಪುಡಿ ಕಂಡರೆ ಸತು ಕೆಲಸ ಮಾಡುತ್ತಾ ಉಂಟು ಎಂದು ಲೆಕ್ಕ. ಕೆಂಪು ಕಂಡರೆ ಅಲ್ಲಿ ಅದು ಮುಗಿದಿದೆ.

ನಾನು ಮಾಡಿದ ತಪ್ಪು ಈಗ ಕೇಳಿ. ಮೇ ತಿಂಗಳಲ್ಲಿ, ಜಾಣತನ ಎಂದುಕೊಂಡು, ಚಾನೆಲಿನ ಉದ್ದಕ್ಕೂ ಗ್ರೀಸು ಮೆತ್ತಿದೆ. ನಮ್ಮದು ಮುರಕಲ್ಲಿನ ಗೋಡೆ, ಕೆಂಪು ಮಣ್ಣಿನ ಅಂಗಳ. ಧೂಳೆಲ್ಲ ಬಂದು ಗ್ರೀಸಿಗೆ ಅಂಟಿತು, ಮೊದಲ ಮಳೆಗೆ ಅಂಗಳದ ಕೆಸರೂ ಸಿಡಿದು ಸೇರಿತು. ಘರ್ಷಣೆ ಕಡಿಮೆ ಮಾಡಬೇಕಾದ ವಸ್ತು ಉಪ್ಪುಕಾಗದದ ಹಾಗಾಯಿತು! ಚಾನೆಲಿಗೆ ಬೇಕಾದದ್ದು ಒಣ ಬ್ರಷ್ಷು, ಬಟ್ಟೆ, ಆಮೇಲೆ ಮೇಣದ ಬತ್ತಿಯಿಂದ ಒಂದೆರಡು ಸಲ ಉಜ್ಜುವುದು, ಅಷ್ಟೇ. ಪಟ್ಟಿಗಳ ಸಂದಿಗೆ ತೆಳು ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತುಕ್ಕು ಕೆರೆದು ಪ್ರೈಮರ್, ಪೈಂಟು ಹಚ್ಚುವುದು ಏಪ್ರಿಲಿನಲ್ಲೇ ಆಗಬೇಕು. ಒದ್ದೆಯ ಮೇಲೆ ಬಳಿದರೆ ನೀರನ್ನು ಒಳಗೆ ಇಟ್ಟು ಬೀಗ ಹಾಕಿದ ಹಾಗೆ.

ನನಗೆ ಆಶ್ಚರ್ಯವಾದದ್ದು ಕೆಳಗಿನ ಪಟ್ಟಿಯನ್ನು ತೊಳೆದಾಗ. ಕೆಸರು ದಪ್ಪಗೆ ಮೆತ್ತಿದ್ದ ಕಡೆಯೇ ತೂತು ಬಿದ್ದಿತ್ತು. ಅಲ್ಲಿಗೆ ಗಾಳಿ ಕಡಿಮೆ, ಹಾಗಾದರೆ ತುಕ್ಕೂ ಕಡಿಮೆ ಆಗಬೇಕಲ್ವಾ? ಆಗುವುದಿಲ್ಲ. ಒಂದೇ ಲೋಹದ ಒದ್ದೆ ಮೈಯಲ್ಲಿ ಆಮ್ಲಜನಕ ಹೆಚ್ಚು ಸಿಗುವ ಜಾಗ ಕ್ಯಾಥೋಡು, ಕಡಿಮೆ ಸಿಗುವ ಜಾಗ ಆನೋಡು ಆಗುತ್ತವೆ. ಕಬ್ಬಿಣ ಕರಗುವುದು ಆನೋಡಿನಲ್ಲಿ. ಅಂದರೆ ಕೆಸರಿನ ಅಡಿಯಲ್ಲಿ, ನಮಗೆ ಕಾಣದ ಹಾಗೆ.

ಇದನ್ನು ನೀವೇ ನೋಡಬಹುದು. ಲೇಪವಿಲ್ಲದ ಕಬ್ಬಿಣದ ತಗಡಿನ ತುಂಡನ್ನು ಉಪ್ಪುಕಾಗದದಲ್ಲಿ ಹೊಳೆಯುವಷ್ಟು ಉಜ್ಜಿ (ಅಂಚು ಹರಿತ, ಜಾಗ್ರತೆ). ಅದರ ಮೇಲೆ ಉಪ್ಪುನೀರಿನ ಒಂದು ದೊಡ್ಡ ಹನಿ ಇಟ್ಟು, ಪಕ್ಕದಲ್ಲಿ ಒದ್ದೆ ಹತ್ತಿ ಇರಿಸಿ ಬಟ್ಟಲು ಕವುಚಿ ಹಾಕಿ. ಕೆಲವು ಗಂಟೆ ಕಳೆದು ನೋಡಿದರೆ ಹನಿಯೊಳಗೆ ಕಂದು ಬಣ್ಣದ ಉಂಗುರ ಕಾಣುತ್ತದೆ. ಮೆಲ್ಲಗೆ ಒರೆಸಿ. ಲೋಹ ಮಂಕಾಗಿ ಸವೆದದ್ದು ಉಂಗುರದ ಕೆಳಗೋ, ಹನಿಯ ನಡುವೆಯೋ, ಅಂಚಿನಲ್ಲೋ? ಚಿತ್ರ ಬರೆದು ತರಗತಿಗೆ ತನ್ನಿ. ಬಟ್ಟಲು ಮುಚ್ಚಲು ಮಾತ್ರ ಮರೆಯಬೇಡಿ, ಹನಿ ಒಣಗಿದರೆ ಪ್ರಯೋಗ ಅಲ್ಲಿಗೇ ನಿಂತಿತು.